ನನ್ನ ಹೊಲಿಗೆ ಮುಟ್ಟಬೇಡಿ

ಜನವರಿ 6, ಸೋಮವಾರ

ಮತ್ತೆ ಬೆರಳಿಗೆ ಸೂಜಿ ಚುಚ್ಚಿತು. ರಕ್ತ ರೆಕ್ಸಿನ್ ಮೇಲೆ ಬೀಳುವ ಮುಂಚೆ ಒರೆಸಿದೆ. ಐವತ್ತಮೂರನೇ ವಯಸ್ಸಿಗೆ ಕುಶನ್ ಅಂಗಡಿಯಲ್ಲಿ ಟ್ರೈನಿ! ವಕೀಲರ ಆಫೀಸಿನಲ್ಲಿ ಅಷ್ಟು ವರ್ಷ ಟೈಪ್ ಮಾಡಿದ್ದಕ್ಕೆ, ಕೆಲಸದಿಂದ ಕಳಿಸುವಾಗ ಅವರ ಮಗ ಕೊಟ್ಟದ್ದು ಒಂದು ಹೂಗುಚ್ಛ, ಒಂದು ನಮಸ್ಕಾರ. ಹೂವನ್ನು ಬಸ್ಸಿನಲ್ಲೇ ಬಿಟ್ಟು ಬಂದೆ.

ಓನರ್ ನನ್ನನ್ನು 'ಎಡಚಿ' ಅಂತಲೇ ಕರೆಯುವುದು. ಎಡಗೈಯಲ್ಲಿ ಹೊಲಿದರೆ ಸೋಫಾಕ್ಕೆ ನೋವಾಗುತ್ತದೆಯೇ? ಕೆಲಸ ಕಲಿಸುವ ಮೇಸ್ತ್ರಿ ಮಾತ್ರ ಹಾಗೆ ಕರೆಯುವುದಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಮಾತೇ ಕಮ್ಮಿಯಂತೆ. ಏನು ಹೊಲಿದು ತೋರಿಸಿದರೂ 'ಪರವಾಗಿಲ್ಲ' ಅನ್ನುತ್ತಾರೆ.

ತಿಂಗಳ ಕೊನೆಗೆ ತೀರ್ಮಾನ. ಕೆಲಸ ಖಾಯಂ, ಇಲ್ಲವೇ ಮನೆಗೆ. ಖಾಯಂ ಆದರೆ ಅಣ್ಣನ ಮನೆ ಬಿಟ್ಟು ನನ್ನದೇ ಒಂದು ರೂಮು.

ಜನವರಿ 9

ಮೇಸ್ತ್ರಿ ನನ್ನನ್ನು ಸ್ಕೂಟರಿನಲ್ಲಿ ಮನೆಗೆ ಬಿಟ್ಟು ಹೋದದ್ದನ್ನು ಅತ್ತಿಗೆ ಬಾಲ್ಕನಿಯಿಂದ ನೋಡಿದ್ದಾರೆ.

"ಅರವತ್ತಕ್ಕೆ ಅರಳುಮರಳು ಅಂತಾರೆ. ನಿಂಗೆ ಸ್ವಲ್ಪ ಬೇಗ ಬಂತು."

ಅಣ್ಣ ಪೇಪರ್ ಹಿಂದೆ ಕೆಮ್ಮಿದ. ಅವನಿಗೆ ಅಷ್ಟೇ ಬರುವುದು. ಅವನ ಷರಟುಗಳಿಗೆ ಇಸ್ತ್ರಿ ಹಾಕಿ ಬಂದು ಬರೆಯುತ್ತಿದ್ದೇನೆ. ಮೈಯೆಲ್ಲ ಉರಿ.

ಜನವರಿ 14

ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕುವ ಹಿತ್ತಾಳೆ ಟೋಪಿಯನ್ನು ಮೇಸ್ತ್ರಿ ಕೊಟ್ಟರು. ತಮ್ಮದೇ. ನನ್ನ ಬೆರಳಿಗೆ ಕೂರುವ ಹಾಗೆ ತಟ್ಟಿ ಸಣ್ಣದು ಮಾಡಿ ತಂದಿದ್ದಾರೆ. ಇದೆಲ್ಲ ಯಾಕೆ ಅಂತ ಸಿಡುಕಿದೆ. ತಲೆ ತಗ್ಗಿಸಿಕೊಂಡೇ ಹೇಳಿದರು: "ನಾನೂ ಒಬ್ಬನೇ, ನೀವೂ ಒಬ್ಬರೇ. ಯೋಚನೆ ಮಾಡಿ."

ತಿಂಗಳು ಮುಗಿಯಲಿ ಅಂದೆ. ಬಾತ್‌ರೂಮಿಗೆ ಹೋಗಿ ಒಬ್ಬಳೇ ನಕ್ಕೆ. ಥೂ, ಈ ವಯಸ್ಸಿಗೆ…

ಇವತ್ತು ಓನರ್ ಕೂಡ 'ಎಡಚಿ ಕೈ ಕುದುರಿದೆ' ಅಂದರು. ನನಗೂ ಒಂದು ವಿದ್ಯೆ ಬಂತು.

ಜನವರಿ 21, ಮಧ್ಯಾಹ್ನ

ಬಂದಿಲ್ಲ. ಯಾವ ವಿದ್ಯೆಯೂ ಬಂದಿಲ್ಲ.

ಹಲ್ಲಿನ ಡಾಕ್ಟರರ ಕುರ್ಚಿ ವಾಪಸ್ ಬಂತು. ಅವರ ನಾಯಿ ಸೀಟು ಹರಿದು ಹಾಕಿದೆ. ನಾನು ಪೂರ್ತಿ ಮಾಡಿದ ಮೊದಲ ಕುರ್ಚಿ ಅದು, ನಾನೇ ಬಿಚ್ಚಲು ಕೂತೆ. ಎಡಗೈಯ ಹೊಲಿಗೆ ಒಂದು ಕಡೆ ವಾಲುತ್ತದೆ, ಬಲಗೈಯದು ಇನ್ನೊಂದು ಕಡೆ. ಇದು ಬಲಗೈಯದು. ಡೆಲಿವರಿಗೆ ಕಾಯುತ್ತಿದ್ದ ನನ್ನ ಸೀಟುಗಳನ್ನೆಲ್ಲ ಮಗುಚಿ ನೋಡಿದೆ. ಎಲ್ಲವೂ ಬಲಗೈಯವೇ. ಅಂಗಡಿಯಲ್ಲಿ ಸೂಜಿ ಹಿಡಿಯುವವರು ನಾನು, ಮೇಸ್ತ್ರಿ, ಇಬ್ಬರೇ.

ಕೇಳಿದೆ. ನನ್ನ ಹೊಲಿಗೆ ಸೊಟ್ಟ ಇತ್ತಂತೆ. ಓನರ್ ನೋಡಿದ್ದರೆ ನನ್ನನ್ನು ಕಳಿಸಿಬಿಡುತ್ತಿದ್ದರಂತೆ. ಅದಕ್ಕೆ ನಾನು ಮನೆಗೆ ಹೋದ ಮೇಲೆ ಬಿಚ್ಚಿ ಹೊಲಿದನಂತೆ, ಮಹಾನುಭಾವ!

ಎಲ್ಲರೂ ನನ್ನನ್ನು ಸಾಕುವವರೇ. ಅಣ್ಣ ಅನ್ನ ಹಾಕಿ ಸಾಕಿದ, ಇವನು ಹೊಲಿದು ಸಾಕಿದ. ಆ ಹಿತ್ತಾಳೆ ಟೋಪಿಯನ್ನು ಅವನ ಮುಂದೆ ಕುಕ್ಕಿ ಎದ್ದು ಬಂದೆ. ಪ್ರೀತಿಯಂತೆ. ಬೆನ್ನ ಹಿಂದೆ ಮಾಡುವ ಪ್ರೀತಿಗೆ ಬೆಂಕಿ ಬೀಳಲಿ.

ಜನವರಿ 27

ಇಷ್ಟು ದಿನ ಮನೆಯಲ್ಲೇ. ಅತ್ತಿಗೆಗೆ ಖುಷಿಯೋ ಖುಷಿ. ರಾಶಿ ಬಟ್ಟೆ ತಂದು ಸುರಿದರು. ಅರ್ಧ ಇಸ್ತ್ರಿ ಮಾಡಿ ಪೆಟ್ಟಿಗೆ ಕೆಳಗಿಟ್ಟು ಚಪ್ಪಲಿ ಮೆಟ್ಟಿದೆ.

ಓನರಿಗೆ ಎಲ್ಲ ಹೇಳಿದೆ. ಹಳೆಯದು ಯಾವುದೂ ನನ್ನದಲ್ಲ, ಎರಡು ಕುರ್ಚಿ ಕೊಡಿ, ನೋಡಿ ತೀರ್ಮಾನ ಮಾಡಿ ಅಂದೆ. ಬಾಯಿ ಮುಚ್ಚಿಕೊಂಡಿದ್ದರೆ ಖಾಯಂ ಆಗುತ್ತಿದ್ದಿರಲ್ಲಮ್ಮ ಅಂತ ನಕ್ಕರು. ಅಂಥ ಖಾಯಂ ಅವರ ಹತ್ತಿರವೇ ಇರಲಿ.

ಮೇಸ್ತ್ರಿಯ ಮುಂದೆ ನಿಂತು ಹೇಳಿದೆ: "ನನ್ನ ಹೊಲಿಗೆ ಮುಟ್ಟಬೇಡಿ. ಮುಟ್ಟಿದ್ರೆ ಅಂಗಡಿನೂ ಬಿಡ್ತೀನಿ, ನಿಮ್ಮನ್ನೂ ಬಿಡ್ತೀನಿ."

'ನಿಮ್ಮನ್ನೂ' ಅಂದುಬಿಟ್ಟೆ. ನಾಲಗೆ ಕಚ್ಚಿಕೊಂಡೆ. ಹಿಡಿದದ್ದು ಯಾವಾಗ, ಬಿಡುವುದಕ್ಕೆ?

ಜನವರಿ 31

ಒಂದು ಕುರ್ಚಿ ಪಾಸು. ಇನ್ನೊಂದನ್ನು ಓನರ್ ಕಾಲಿನಿಂದ ಪಕ್ಕಕ್ಕೆ ತಳ್ಳಿದರು. ಸೋಮವಾರ ಬೆಳಿಗ್ಗೆ ಸರಿಯಾಗಿರಬೇಕಂತೆ, ಇಲ್ಲದಿದ್ದರೆ ಬರಬೇಡಿ ಅಂದರು. ಕಾಲಿನಿಂದ ತಳ್ಳುವ ಅಗತ್ಯ ಏನಿತ್ತು?

ಫೆಬ್ರವರಿ 2, ಭಾನುವಾರ

ಮುಚ್ಚಿದ ಅಂಗಡಿಯಲ್ಲಿ ಕೂತು ಹೊಲಿದೆ. ಬೀಗದ ಕೈ ತಂದಿದ್ದ ಮೇಸ್ತ್ರಿ ಎದುರಿಗೆ ಸ್ಟೂಲಿನ ಮೇಲೆ ಕೂತರು, ಕೈ ಕಟ್ಟಿಕೊಂಡು. ಬೆರಳು ಚಡಪಡಿಸುತ್ತಿದ್ದವು. ಚಡಪಡಿಸಲಿ.

ಮುಗಿಸಿ ಎತ್ತಿ ಹಿಡಿದೆ. ಪರವಾಗಿಲ್ಲ ಅಂದರೆ ಸುತ್ತಿಗೆಯಲ್ಲಿ ಹೊಡೆಯುತ್ತಿದ್ದೆ, ಖಂಡಿತ.

ತುಂಬ ಹೊತ್ತು ನೋಡಿದರು.

"ಮೂಲೇಲಿ ಸೊಟ್ಟ ಆಗಿದೆ. ಬಿಚ್ಚಿ."

ಎಂಥ ಕೋಪ ಬಂತು! ಕಣ್ಣಲ್ಲಿ ನೀರೂ ಬಂತು. ಬಿಚ್ಚಿದೆ, ಹೊಲಿದೆ. ಈಗ ಒಂದು ಕಡೆ ಸಡಿಲವಂತೆ. ಬಾಯಿಗೆ ಬಂದದ್ದೆಲ್ಲ ಬೈದೆ. ಕದಲಲಿಲ್ಲ ಮನುಷ್ಯ. ಮತ್ತೆ ಬಿಚ್ಚಿದೆ. ಮೂರನೆಯ ಸಲ ಅಂಚಿನ ಉದ್ದಕ್ಕೂ ಬೆರಳಾಡಿಸಿದರು. ಕುರ್ಚಿಯನ್ನು ಎತ್ತಿಕೊಂಡು ಹೋಗಿ ಡೆಲಿವರಿ ಸಾಲಿನಲ್ಲಿಟ್ಟರು.

ಯೋಚನೆ ಮಾಡಿ ಅಂತ ಅವತ್ತು ಅವರು ಕೇಳಿದ್ದಕ್ಕೆ ಈಗ 'ಹೂಂ' ಅಂದೆ. ಕೋಪ ಇನ್ನೂ ಇಳಿದಿರಲಿಲ್ಲ.

ಫೆಬ್ರವರಿ 3

ಓನರ್ ಕುರ್ಚಿ ಮಗುಚಿದರು, ಎಳೆದರು, ಉಗುರು ಹಾಕಿ ನೋಡಿದರು. ಕಿಟಕಿ ಪಕ್ಕದ ಬೆಂಚು ನನ್ನದಂತೆ, ಖಾಯಂ.

ಅತ್ತಿಗೆ ಹೊರಗಿನಿಂದ ಕೂಗುತ್ತಿದ್ದಾರೆ, ಬಟ್ಟೆ ಹಾಗೇ ಬಿದ್ದಿದೆ ಅಂತ. ಬೀಳಲಿ. ಅಣ್ಣನೂ ಅಲ್ಲೇ ಇದ್ದಾನೆ, ಒಳ್ಳೆಯದೇ ಆಯಿತು. ಇಬ್ಬರಿಗೂ ಒಟ್ಟಿಗೆ ಹೇಳುತ್ತೇನೆ — ರೂಮು ನೋಡಿದ್ದೇನೆ, ಇಬ್ಬರಿಗೆ ಸಾಕಾಗುವಷ್ಟಿದೆ, ಇನ್ನು ನಿಮ್ಮ ಬಟ್ಟೆ ನೀವೇ ಇಸ್ತ್ರಿ ಮಾಡಿಕೊಳ್ಳಿ.