ರಸ್ತೆಯಾಚೆಯ ಕೋಳಿಗೂಡಿಗೆ

ಪ್ರೀತಿಯ ಮಾರ್ಲೀನ್,

ಈ ಕಾಗದ ನಿಮಗೆ ಮೊಟ್ಟೆಯ ರಟ್ಟಿನ ಡಬ್ಬಿಯೊಳಗೆ ಸಿಗುತ್ತದೆ. ಇದರ ಕೆಳಗೆ ಬಟ್ಟೆಯಲ್ಲಿ ಸುತ್ತಿದ್ದೊಂದು ಇದೆ. ಅದನ್ನು ಈಗಲೇ ಬಿಚ್ಚಬೇಡಿ. ಓದಿ ಮುಗಿಸಿದ ಮೇಲೆ ಬಿಚ್ಚಿ.

ನಮ್ಮ ಮನೆಗೂ ನಿಮ್ಮ ಮನೆಗೂ ನಡುವೆ ಒಂದು ಡಾಂಬರು ರಸ್ತೆ ಬಿಟ್ಟರೆ ಏನೂ ಇಲ್ಲ, ದಾಟಿ ಬಂದು ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಬಂದಿದ್ದೆ. ನಿಮ್ಮ ಜಗಲಿಯ ಮೇಲೆ ನಿಂತು, ಬಾಗಿಲು ತಟ್ಟಲು ಕೈಯನ್ನೂ ಎತ್ತಿದ್ದೆ. ತಟ್ಟಿದರೆ ನೀವು ತೆರೆಯುತ್ತೀರಿ, ತೆರೆದರೆ ನಾನು ಮಾತಾಡಬೇಕಾಗುತ್ತದೆ ಎಂದು ಹೆದರಿ ತಿರುಗಿ ಹೋದೆ. ನಾನು ಹೇಗೆ ಎಂದು ನಿಮಗೆ ಗೊತ್ತು. ಕಾರು, ಕರೆಂಟು ಇಟ್ಟುಕೊಳ್ಳದ ನಮ್ಮ ಪಂಗಡದವರ ಶಾಲೆ ಎಂಟನೇ ತರಗತಿಗೆ ಮುಗಿಯುತ್ತದೆ, ನನ್ನ ಓದು ಅಷ್ಟೇ. ನಮ್ಮವರ ವಾರಪತ್ರಿಕೆಗೆ ಈ ಕಡೆಯ ಸುದ್ದಿ ಬರೆದು ಕಳಿಸುತ್ತೇನೆ. ಯಾರ ಮನೆಗೆ ನೆಂಟರು ಬಂದರು, ಯಾರ ಹಸು ಕರು ಹಾಕಿತು, ಜೋಳದ ಕಟಾವು ಎಲ್ಲಿಗೆ ಬಂತು, ಇಂಥದ್ದು. ಬಾಯಲ್ಲಿ ಬಾರದ್ದು ಕೈಯಲ್ಲಿ ಬರುತ್ತದೆ. ಆದರೆ ಇದು ಪತ್ರಿಕೆಗೆ ಬರೆಯುವ ಸುದ್ದಿಯಲ್ಲ. ಇದು ನಿಮಗೆ.

ನಿಮ್ಮ ಯಜಮಾನರು ವೇನ್ ತೀರಿಕೊಂಡ ಆ ಚಳಿಗಾಲ ನೀವು ಪ್ರತಿ ಶನಿವಾರ ನಮ್ಮಲ್ಲಿಗೆ ಮೊಟ್ಟೆ ಕೊಳ್ಳಲು ಬರುತ್ತಿದ್ದಿರಿ. ಒಬ್ಬರೇ ಇರುವವರಿಗೆ ವಾರಕ್ಕೆ ಅಷ್ಟು ಮೊಟ್ಟೆ ಯಾಕೆ ಎಂದು ನನಗೆ ಆಶ್ಚರ್ಯ. ಒಂದು ದಿನ ನೀವು ಬುಧವಾರವೂ ಬಂದಿರಿ. ನೀವು ಹೋದ ಮೇಲೆ ಅಮ್ಮ ಹಿಟ್ಟು ನಾದುತ್ತಲೇ ಹೇಳಿದಳು: "ಅವರಿಗೆ ಬೇಕಾಗಿರೋದು ಮೊಟ್ಟೆ ಅಲ್ಲ ಕಣೇ. ಹೋಗಿ ಕೂತ್ಕೊಂಡು ಬಾ ಸ್ವಲ್ಪ ಹೊತ್ತು." ನಾನು ಬಂದೆ, ಕೂತೆ, ಮಾತಾಡಲಿಲ್ಲ. ನೀವೇ ಮಾತಾಡಿದಿರಿ. "ನೋಡು ಮರೀ, ಈ ಮನೇಲಿ ಟಿವಿ ಒಂದೇ ಮಾತಾಡೋದು. ಅದೂ ತನ್ನ ಪಾಡಿಗೆ ತಾನು ಹೇಳ್ತಾ ಹೋಗುತ್ತೆ, ನಾನೇನಂದೆ ಅಂತ ಒಂದಿನಾನೂ ಕೇಳಿಲ್ಲ" ಎಂದಿರಿ. ಆಗ ನನ್ನ ಬಾಯಿಂದ ಹೇಗೋ ಒಂದು ಮಾತು ಹೊರಗೆ ಬಂತು: "ಕೋಳಿ ಕೇಳುತ್ತೆ." ನೀವು ನನ್ನ ಮುಖ ನೋಡಿ ಅಷ್ಟು ಹೊತ್ತು ನಕ್ಕಿರಿ. ನಾನು ತಮಾಷೆಗೆ ಹೇಳಿರಲಿಲ್ಲ.

ಮಾರ್ಚ್ ಬಂತು. ಮೇವಿನ ಅಂಗಡಿಯಲ್ಲಿ ಕೆಂಪು ದೀಪದ ಕೆಳಗೆ ತೊಟ್ಟಿಗಳಲ್ಲಿ ಮರಿಗಳು ಬಂದಾಗ ನಿಮ್ಮ ಕಾರಿನಲ್ಲಿ ಅಪ್ಪನನ್ನೂ ನನ್ನನ್ನೂ ಕರೆದುಕೊಂಡು ಹೋದಿರಿ. ನಿಮಗೆ ಎರಡು ಸಾಕಿತ್ತು. ಆ ಅಂಗಡಿಯವರು ಆರಕ್ಕಿಂತ ಕಡಿಮೆ ಕೊಡುವುದಿಲ್ಲ ಎಂದಾಗ, ಅದನ್ನೇ ಕಾಯುತ್ತಿದ್ದವರ ಹಾಗೆ, "ಸರಿ ಬಿಡಪ್ಪ, ಇನ್ನೇನು ಮಾಡೋಕಾಗುತ್ತೆ" ಎಂದಿರಿ. ಬರುವಾಗ ಪೆಟ್ಟಿಗೆ ನನ್ನ ತೊಡೆಯ ಮೇಲೆ. ನೀವು ಶಾಲೆಯ ಬಸ್ಸು ಓಡಿಸುತ್ತಿದ್ದಾಗಿನ ಹಾಗೆ ಕನ್ನಡಿಯಲ್ಲಿ ಹಿಂದೆ ನೋಡುತ್ತಲೇ ಇದ್ದಿರಿ. "ಹಿಂದಿನ ಸೀಟಿನೋರು ಗಲಾಟೆ ಮಾಡಬೇಡಿ" ಎಂದು ಮರಿಗಳನ್ನು ಗದರಿದಾಗ ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ. ಅವನು ನಗುವುದು ಹಾಗೆಯೇ.

ನಿಮ್ಮ ಸ್ನಾನದ ತೊಟ್ಟಿಯೇ ಮರಿಗಳ ಮೊದಲ ಮನೆಯಾಯಿತು. ಮರದ ಹೊಟ್ಟು ಹಾಸಿ, ದೀಪ ಕಟ್ಟಿ, ಒಂದೊಂದರ ಕೊಕ್ಕನ್ನೂ ನೀರಿಗೆ ಅದ್ದಿ ಕುಡಿಯುವುದು ಕಲಿಸಿದೆವು. ದೀಪದ ಕೆಳಗೆ ಒತ್ತಿಕೊಂಡು ನಿಂತರೆ ಚಳಿ, ಮೂಲೆಗೆ ಓಡಿದರೆ ಸೆಕೆ, ಅಲ್ಲಲ್ಲಿ ಹರಡಿಕೊಂಡಿದ್ದರೆ ಸುಖ ಎಂದು ನಾನು ಹೇಳಿದ್ದು ನೆನಪಿದೆಯೇ? ಅದು ನಾನು ನಿಮ್ಮ ಮನೆಯಲ್ಲಿ ಆಡಿದ ಅತಿ ಉದ್ದದ ಮಾತು. ಮರುದಿನ ಬೆಳಗ್ಗೆ ನಾವು ಹಾಲು ಕರೆಯುತ್ತಿರುವಾಗ ನೀವು ರಾತ್ರಿಯ ಬಟ್ಟೆಯಲ್ಲೇ ಓಡಿ ಬಂದಿರಿ. "ಸಲೋಮಾ, ಒಂದು ಹೋಗಿಬಿಡ್ತು. ಕತ್ತು ಚಾಚಿಕೊಂಡು, ರೆಕ್ಕೆ ಬಿಟ್ಟುಕೊಂಡು ಬಿದ್ದಿದೆ." ನಾನು ಬಂದು ಬೆರಳಿನಿಂದ ಮುಟ್ಟಿದೆ. ಅದು ತಲೆಯೆತ್ತಿ, ಯಾರದು ನಿದ್ದೆ ಕೆಡಿಸಿದ್ದು ಎಂಬ ಹಾಗೆ ನೋಡಿ ಮತ್ತೆ ಮಲಗಿತು. ಮರಿಗಳು ಮಲಗುವುದೇ ಹಾಗೆ. ನೀವು ತೊಟ್ಟಿಯ ಅಂಚಿನ ಮೇಲೆ ಕೂತು, ನಗುತ್ತ ನಗುತ್ತ ಅತ್ತಿರಿ. ಆ ಅಳು ಮರಿಗಾಗಿ ಅಲ್ಲ ಎಂದು ನನಗೆ ಗೊತ್ತಾಯಿತು. ನಾನು ನೀರಿನ ತಟ್ಟೆ ತೊಳೆಯತೊಡಗಿದೆ.

ನಿಮ್ಮ ಬಸ್ಸಿನಲ್ಲಿ ಕೂರುತ್ತಿದ್ದ ಹುಡುಗಿಯರ ಹೆಸರುಗಳನ್ನೇ ಮರಿಗಳಿಗೆ ಇಟ್ಟಿರಿ. ಎಲ್ಲರಿಗಿಂತ ಗಟ್ಟಿಯಾಗಿ, ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬರುತ್ತಿದ್ದುದಕ್ಕೆ ಲುಸಿಲ್ ಎಂದಿರಿ. ಬೇಸಿಗೆಯ ಒಂದು ಬೆಳಗ್ಗೆ ಲುಸಿಲ್ ಬೇಲಿಗೂಟ ಹತ್ತಿ ನಿಂತು ಕೂಗಿತು. ತುಕ್ಕು ಹಿಡಿದ ಗೇಟಿನ ಹಾಗಿತ್ತು ಆ ಮೊದಲ ಕೂಗು. ನನ್ನ ತಮ್ಮ ಈನೋಸ್ ಹೊಟ್ಟೆ ಹಿಡಿದುಕೊಂಡು ನಗುತ್ತ ಬಂದ. "ಅಕ್ಕಾ, ಮಾರ್ಲೀನ್ ಅವರ ಲುಸಿಲ್‌ಗೆ ಮೀಸೆ ಬಂತು." ಹುಂಜ ಎಂದು ಗೊತ್ತಾದ ಮೇಲೂ ನೀವು ಹೆಸರು ಬದಲಿಸಲಿಲ್ಲ. "ಇಷ್ಟು ದಿನ ಲುಸಿಲ್ ಅಂತ ಕರೆದರೆ ಬರ್ತಿದ್ದ. ಈಗ ಗಂಡು ಹೆಸರಿಟ್ಟು ಹೆರಾಲ್ಡ್ ಅಂದರೆ ಯಾರನ್ನೋ ಕರೀತಾಳೆ ಅಂದುಕೊಳ್ಳಲ್ವಾ?"

ಆದರೆ ರಸ್ತೆಯ ನಿಮ್ಮ ಕಡೆ ಊರು, ನಮ್ಮ ಕಡೆ ಹೊಲ. ಊರಿನೊಳಗೆ ಹೇಂಟೆ ಸಾಕಬಹುದು, ಹುಂಜ ಸಾಕುವಂತಿಲ್ಲ. ನಿಮ್ಮ ಮನೆಯ ಹಿಂಬದಿಯವರು ದೂರು ಕೊಟ್ಟರು. ಲುಸಿಲ್‌ನನ್ನು ಕಂಕುಳಲ್ಲಿ ಇರುಕಿಕೊಂಡು ನೀವು ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿರಿ. ಅಪ್ಪ ಗಡ್ಡ ಕೆರೆದುಕೊಂಡ. "ನಮ್ಮಲ್ಲಿ ಆಗಲೇ ಒಂದಿದೆ. ಎರಡನೇದು ಅಂದರೆ ಭಾನುವಾರದ ಶಾವಿಗೆ ಸಾರಿಗೆ." ನಿಮ್ಮ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. "ಅಪ್ಪ, ನಮ್ಮ ಹಳೇದು ಕುಂಟ್ತಾ ಇದೆ. ಹೇಂಟೆಗಳೇ ಅದನ್ನ ಕುಕ್ಕಿ ಓಡಿಸ್ತಾವೆ" ಎಂದೆ. ಅಪ್ಪ ಅಮ್ಮನ ಕಡೆ ತಿರುಗಿದ. "ಈ ಹುಡುಗಿಗೆ ಬಾಯಿದೆ ಅಂತ ನೀನು ಇಷ್ಟು ದಿನ ನನಗೆ ಹೇಳೇ ಇಲ್ವಲ್ಲ." ಆ ಭಾನುವಾರ ಸಾರಿಗೆ ಹೋದದ್ದು ನಮ್ಮ ಹಳೆಯ ಹುಂಜ. ಲುಸಿಲ್ ರಸ್ತೆಯ ಈಚೆ ಉಳಿದ.

ಅವನು ಈ ಕಡೆಯಿಂದ ಕೂಗಿದರೆ ನಿಮ್ಮ ಹೇಂಟೆಗಳು ಆ ಕಡೆ ಕಿವಿ ಕೊಡುತ್ತಿದ್ದವು. ಬೇಲಿಯ ಕೆಳಗೆ ಮಣ್ಣು ಕೆದರಿ ದಾರಿ ಮಾಡಿಕೊಂಡು ಐದೂ ಸಾಲಾಗಿ ಹೊರಟುಬಿಡುತ್ತಿದ್ದವು. ಕೋಳಿ ರಸ್ತೆ ದಾಟಿದ್ದು ಯಾಕೆ ಎಂದು ನಮ್ಮ ಪಂಗಡದ ಹೊರಗಿನ ನಿಮ್ಮಂಥ ಇಂಗ್ಲಿಷಿನವರಲ್ಲಿ ಒಂದು ಹಳೆಯ ತಮಾಷೆ ಇದೆಯಂತೆ. ನಮ್ಮ ಮನೆಯಲ್ಲಿ ಅದನ್ನು ಯಾರೂ ಕೇಳಬೇಕಾಗಿಲ್ಲ. ನೀವು ರಸ್ತೆಯ ನಡುವೆ ನಿಂತು, ಮಕ್ಕಳನ್ನು ಇಳಿಸುವಾಗ ಮಾಡುತ್ತಿದ್ದಂತೆ ಒಂದು ಕೈ ಮೇಲೆತ್ತಿ, ಲಾರಿಗಳನ್ನೂ ನಮ್ಮವರ ಕುದುರೆಗಾಡಿಗಳನ್ನೂ ನಿಲ್ಲಿಸುತ್ತಿದ್ದಿರಿ. ನಮ್ಮ ಬಿಷಪ್ಪರ ಗಾಡಿಯನ್ನೂ ನಿಲ್ಲಿಸಿದಿರಿ. ಅವರು ಟೋಪಿ ತೆಗೆದು ಐದು ಹೇಂಟೆಗಳಿಗೂ ದಾರಿ ಬಿಟ್ಟರು. ಸಂಜೆ ಹೇಂಟೆಗಳನ್ನು ಮರಳಿ ಕರೆದೊಯ್ದು, ಗೂಡಿನ ಬಾಗಿಲಲ್ಲಿ ಬಗ್ಗಿ, ತಲೆ ಎಣಿಸಿ, ಬಸ್ಸು ಹೊರಡಿಸುವಾಗಿನ ದೊಡ್ಡ ದನಿಯಲ್ಲಿ ಕೇಳುತ್ತಿದ್ದಿರಿ: "ಎಲ್ಲರೂ ಹತ್ತಿದ್ರಾ?" ಆಮೇಲೆ ಬಾಗಿಲು ಹಾಕಿದ ಸದ್ದು. ಆ ಸದ್ದು ಕೇಳಿದ ಮೇಲೆಯೇ ಅಮ್ಮ ಊಟಕ್ಕೆ ತಟ್ಟೆ ಇಡುತ್ತಿದ್ದುದು. ನಿಮಗೆ ಇದು ಗೊತ್ತಿರಲಿಕ್ಕಿಲ್ಲ.

ಮೊಟ್ಟೆ ಇಡಲು ಶುರುವಾದ ಮೇಲೆ, ಮನೆ ತುಂಬ ಮೊಟ್ಟೆಯಿರುವ ನಮಗೇ ನೀವು ಶನಿವಾರ ಮೊಟ್ಟೆ ತಂದುಕೊಡತೊಡಗಿದಿರಿ. ನಮ್ಮವು ಕಂದು. ನಿಮ್ಮವು ತಿಳಿನೀಲಿ, ಬೆಳಗಿನ ಆಕಾಶದ ಬಣ್ಣ. ಅಮ್ಮ ಅವುಗಳನ್ನು ಒಡೆಯುತ್ತಲೇ ಇರಲಿಲ್ಲ. ನೆಲಮಾಳಿಗೆಯಲ್ಲಿ ಬಟ್ಟಲಲ್ಲಿಟ್ಟು, ಆಲೂಗಡ್ಡೆ ತರಲು ಹೋದಾಗಲೆಲ್ಲ ಒಮ್ಮೆ ನೋಡಿ ಬರುತ್ತಿದ್ದಳು. ಚಂದಕ್ಕೆಂದು ಏನನ್ನೂ ಇಟ್ಟುಕೊಳ್ಳದ ಮನೆ ನಮ್ಮದು. ಇದನ್ನು ಯಾರಿಗೂ ಹೇಳಬೇಡಿ.

ಈಗ ಮೂರು ವಾರದ ಹಿಂದಿನ ಆ ಬೆಳಗಿನ ಮಾತು. ಬರೆಯಲು ಕಷ್ಟ, ಬರೆಯುತ್ತೇನೆ. ಗೂಡಿನ ಬಾಗಿಲು ತೆರೆದಿತ್ತು. ರಾತ್ರಿ ಕೋಳಿ ಕದಿಯಲು ಬರುವ ಆ ಕಾಡುಪ್ರಾಣಿ, ರಕೂನ್, ನುಗ್ಗಿತ್ತು, ಒಂದನ್ನೂ ಉಳಿಸಿರಲಿಲ್ಲ. ನೀವು ಅಂಗಳದಲ್ಲಿ ಗರಿಗಳ ನಡುವೆ ನಿಂತು ಅಂದಿರಿ: "ಬಾಗಿಲು ಹಾಕೋದೇ ಮರೆತುಬಿಟ್ಟೆ, ಸಲೋಮಾ. ಅಷ್ಟು ವರ್ಷ ಬಸ್ಸು ಓಡಿಸಿ ಒಂದು ಮಗೂನೂ ದಾರೀಲಿ ಬಿಟ್ಟು ಬಂದೋಳಲ್ಲ. ಈಗ ನನ್ನ ತಲೆ ಹೋಗ್ತಾ ಇದೆ. ಒಂದು ಕೋಳಿ ಸಾಕೋಕೂ ಲಾಯಕ್ಕಿಲ್ಲ ನಾನು." ಅಂದಿನಿಂದ ನಿಮ್ಮ ಪರದೆ ಸರಿದಿಲ್ಲ. ಉಳಿದ ಮೇವಿನ ಚೀಲ ನಮ್ಮ ಗೇಟಿನ ಬಳಿ ಇತ್ತು. ಅದಕ್ಕೆ ಸಿಕ್ಕಿಸಿದ್ದ ಚೀಟಿಯಲ್ಲಿ, ಗೂಡನ್ನು ಕಿತ್ತುಕೊಂಡು ಹೋಗಿ ಎಂದು ಅಪ್ಪನಿಗೆ ಬರೆದಿದ್ದಿರಿ.

ಜೋಳದ ಕೆಲಸ ಮುಗಿದ ಮೇಲೆ, ನಿನ್ನೆ, ಅಪ್ಪ ಸುತ್ತಿಗೆ ಹಿಡಿದು ಹೋದ. ಬರಿಗೈಯಲ್ಲಿ ಬಂದ. ಊಟಕ್ಕೆ ಕೂತವನು ಚಮಚ ಮುಟ್ಟಲಿಲ್ಲ. ಆ ಗೂಡು ಕಟ್ಟಿಕೊಟ್ಟವನು ಅವನೇ. ಬಾಗಿಲಿಗೆ ನಮ್ಮ ಗೂಡುಗಳಿಗೆ ಹಾಕುವಂಥದ್ದನ್ನೇ ಹಾಕಿದ್ದ: ಒಂದು ಮೊಳೆ, ಅದರ ಮೇಲೆ ತಿರುಗುವ ಒಂದು ಮರದ ತುಂಡು. ನಮ್ಮಜ್ಜನ ಕಾಲದಿಂದ ನಮಗೆ ಅಷ್ಟೇ ಸಾಕು, ಯಾಕೆಂದರೆ ನಮ್ಮ ನಾಯಿ ಗೂಡಿನ ಪಕ್ಕದಲ್ಲೇ ಮಲಗುತ್ತದೆ. ಆ ಮರದ ತುಂಡಿನ ಮೇಲೆ, ಮಾಡಿನ ಕೆಳಗೆ ಮಳೆ ತಾಗದ ಜಾಗದಲ್ಲಿ, ಒಣಗಿದ ಕೆಸರಿನಲ್ಲಿ ಪುಟ್ಟ ಪುಟ್ಟ ಬೆರಳುಗಳ ಗುರುತು ಇತ್ತಂತೆ. ಎಳೆಗೂಸಿನ ಕೈಯಂಥದ್ದು, ರಕೂನಿನ ಪಂಜ ಇರುವುದೇ ಹಾಗೆ. ಬಾಗಿಲಿನ ಹೊರಮೈ ಮೇಲೂ ಹಿಡಿದು ಎಳೆದ ಉಗುರಿನ ಗೀರುಗಳು. ತೆರೆದೇ ಇದ್ದ ಬಾಗಿಲನ್ನು ಯಾವ ರಕೂನೂ ತಿರುಗಿಸಿ ಎಳೆಯುವುದಿಲ್ಲ, ಮಾರ್ಲೀನ್. ಅದು ಹಾಕಿದ ಬಾಗಿಲನ್ನು ತೆಗೆದಿದೆ.

ಅಪ್ಪ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. "ಆಯಮ್ಮ ಬಾಗಿಲು ಹಾಕಿದ್ರು. ತಪ್ಪು ನಂದು. ನಮ್ಮ ಗೂಡಿನ ಬಾಗಿಲು ಕೊಟ್ಟೆ, ನಮ್ಮ ನಾಯಿ ಕೊಡಲಿಲ್ಲ."

ನನಗೂ ಗೊತ್ತಿತ್ತು. ಆ ಸಂಜೆ ನಾನು ಒಣಗಿದ ಬಟ್ಟೆ ತೆಗೆಯುತ್ತಿದ್ದೆ. "ಎಲ್ಲರೂ ಹತ್ತಿದ್ರಾ" ಎಂದದ್ದು ಕೇಳಿಸಿತು, ಬಾಗಿಲು ಹಾಕಿದ ಸದ್ದೂ ಕೇಳಿಸಿತು. ಅಮ್ಮ ತಟ್ಟೆ ಇಟ್ಟಳು. ನೀವು ಮರೆತಿದ್ದರೆ ಆ ದಿನ ನಮ್ಮ ಊಟ ತಡವಾಗಬೇಕಿತ್ತು. ಆಗಲಿಲ್ಲ. ಇದನ್ನು ಹೇಳಲೆಂದೇ ನಿಮ್ಮ ಜಗಲಿಯವರೆಗೆ ಬಂದಿದ್ದೆ.

ಇವತ್ತು ಬೆಳಗ್ಗೆ ಅಪ್ಪ ನಿಮ್ಮ ಗೂಡಿಗೆ ಕಬ್ಬಿಣದ ಚಿಲಕ ಹಾಕಿ, ಅದರ ಮೇಲೆ ಒತ್ತಿ ತೆಗೆಯುವ ಕೊಂಡಿಯನ್ನೂ ಸಿಕ್ಕಿಸಿ ಬಂದ. ಸುತ್ತಿಗೆಯ ಸದ್ದು ಕೇಳಿ ಕಿತ್ತುಹಾಕುತ್ತಿದ್ದಾನೆ ಎಂದುಕೊಂಡಿರಬೇಕು ನೀವು. ನಿಮ್ಮ ಬಾಗಿಲು ತಟ್ಟಿದನಂತೆ, ನೀವು ತೆರೆಯಲಿಲ್ಲ. ಅವನೂ ಮಾತಿನಲ್ಲಿ ನನ್ನ ಹಾಗೆಯೇ. "ನೀನು ಬರೀತೀಯಲ್ಲ, ಬರಿ" ಎಂದ.

ಇನ್ನೊಂದು ಇದೆ. ಆ ಬೆಳಗ್ಗೆ ನಿಮ್ಮಲ್ಲಿಂದ ಬಂದವಳು ನಾನು ನೇರವಾಗಿ ನೆಲಮಾಳಿಗೆಗೆ ಇಳಿದೆ. ಬಟ್ಟಲಿನಲ್ಲಿ ಅದರ ಹಿಂದಿನ ಶನಿವಾರ ನೀವು ತಂದ ನೀಲಿ ಮೊಟ್ಟೆಗಳು ಇದ್ದವು. ನಮ್ಮ ಕೆಂಚು ಹೇಂಟೆಯೊಂದು ಕಾವಿಗೆ ಕೂತು ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಅಮ್ಮ ಹಿಂದೆಯೇ ಇಳಿದು ಬಂದು ಬಟ್ಟಲನ್ನು ನನ್ನ ಕೈಗೆ ಕೊಟ್ಟಳು. ಕುಕ್ಕಿಸಿಕೊಳ್ಳುತ್ತಲೇ ಅವುಗಳನ್ನು ಒಂದೊಂದಾಗಿ ಅದರ ಹೊಟ್ಟೆಯಡಿಗೆ ಸರಿಸಿದೆ. ತಣ್ಣಗೆ ಕೂತಿದ್ದ ಮೊಟ್ಟೆಗಳು, ಹೆಚ್ಚು ಆಸೆ ಇಟ್ಟುಕೊಳ್ಳಬೇಡ ಎಂದು ಅಪ್ಪ ಹೇಳಿದ. ಆದ್ದರಿಂದ ನಿಮಗೆ ತಿಳಿಸಲಿಲ್ಲ. ನೀವು ಎರಡನೇ ಸಲ ಗರಿ ಎಣಿಸುವ ಹಾಗೆ ಮಾಡಲು ನನಗೆ ಮನಸ್ಸಿರಲಿಲ್ಲ.

ಈಗ ಬಟ್ಟೆ ಬಿಚ್ಚಿ, ಮಾರ್ಲೀನ್.

ಆ ಚಿಪ್ಪು ಇವತ್ತು ಮಧ್ಯಾಹ್ನದ್ದು. ಒಳಮೈ ಇನ್ನೂ ಒದ್ದೆಯಾಗಿರಬಹುದು. ನಾಲ್ಕು ಹೊರಗೆ ಬಂದಿವೆ, ಐದನೆಯದು ಚಿಪ್ಪನ್ನು ಕುಕ್ಕುತ್ತಿದೆ. ಒಂದು ಆಗಲೇ ಉಳಿದವರನ್ನು ತಳ್ಳಿಕೊಂಡು ಮುಂದೆ ಬರುತ್ತಿದೆ. ಅದನ್ನು ನೋಡಿ ಈನೋಸ್, "ಇದಕ್ಕೂ ಮೀಸೆ ಬರುತ್ತೆ ನೋಡ್ತಿರು" ಎಂದ. ಬಂದರೆ ಬರಲಿ. ಹುಂಜಗಳು ನಮ್ಮ ಕಡೆ, ಹೇಂಟೆಗಳು ನಿಮ್ಮ ಕಡೆ. ಮೇವಿನ ಚೀಲ ನಾವು ಬಿಚ್ಚಿಲ್ಲ, ನೀವು ಇಟ್ಟ ಜಾಗದಿಂದ ಎತ್ತಿ ಒಳಗಿಟ್ಟಿದ್ದೇವೆ ಅಷ್ಟೇ.

ನಾಳೆ ಸಂಜೆಯ ಹೊತ್ತಿಗೆ ಅವು ತಾಯಿಯ ರೆಕ್ಕೆ ಬಿಟ್ಟು ಹುಲ್ಲಿನಲ್ಲೆಲ್ಲ ಓಡಾಡಲು ಶುರು ಮಾಡುತ್ತವೆ. ಕತ್ತಲಾಗುವ ಮುಂಚೆ ಯಾರಾದರೂ ತಲೆ ಎಣಿಸಿ, ಎಲ್ಲರೂ ಹತ್ತಿದ್ರಾ ಎಂದು ಕೇಳಬೇಕು. ಲಾಯದಲ್ಲಿ ಯಾರೂ ಇಲ್ಲದಾಗ ನಾನೊಮ್ಮೆ ಕೇಳಿ ನೋಡಿದೆ. ಪಕ್ಕದಲ್ಲಿದ್ದ ಕುದುರೆ ಕೂಡ ಕಿವಿ ಎತ್ತಲಿಲ್ಲ. ನನ್ನ ದನಿ ಅಷ್ಟು ದೂರ ಹೋಗುವುದಿಲ್ಲ.

ಅಮ್ಮ ನಾಳೆ ಊಟಕ್ಕೆ ತಟ್ಟೆ ಇಡದೆ ಕಾಯುತ್ತಾಳಂತೆ. ಲುಸಿಲ್ ಈಗಲೂ ನಿಮ್ಮ ಕಿಟಕಿಯ ಕಡೆಗೇ ಮುಖ ಮಾಡಿ ಕೂಗುತ್ತಾನೆ. ರಸ್ತೆ ದಾಟುವಾಗ ಎರಡೂ ಕಡೆ ನೋಡಿ, ಕೈ ಮೇಲೆತ್ತಿ ಬನ್ನಿ.

ನಿಮ್ಮ ಬಾಗಿಲನ್ನೂ ಅದರೊಳಗಿರುವ ನಿಮ್ಮನ್ನೂ ದೇವರು ಚೆನ್ನಾಗಿ ಕಾಯಲಿ.

ರಸ್ತೆಯ ಈಚೆಯಿಂದ, ದೀಪ ಹಚ್ಚುವ ಹೊತ್ತಿಗೆ ಬರೆದು ಮುಗಿಸಿದ
ನಿಮ್ಮ ಸಲೋಮಾ