ಪ್ರಾರ್ಥನೆಯಲ್ಲಿ ಹೇಳಿದ ಮಾತು

ಮನೆಯಿಂದ,
ಜುಲೈ ೬, ಭಾನುವಾರ

ಪ್ರೀತಿಯ ದೊಡ್ಡೋನೇ,

ಕರ್ತನು ನಿನ್ನ ಸಂಗಡ ಇರಲಿ. ನಿನ್ನ ಕೆಮ್ಮು ಹೇಗಿದೆ? ಜೈಲಿನ ಗೇಟಿನಲ್ಲಿ ಕಂಬಳಿ ಕೊಟ್ಟು ಬಂದಿದ್ದೆ, ನಿನ್ನ ಕೈ ಸೇರಿತೋ ಇಲ್ಲವೋ. ಮೂಲೆಯಲ್ಲಿ ಕೆಂಪು ದಾರದ ಹೊಲಿಗೆ ಹಾಕಿದ್ದೇನೆ. ಬೇರೆ ಯಾರಾದರೂ ಹೊದ್ದುಕೊಂಡಿದ್ದರೆ ಜಗಳಕ್ಕೆ ಹೋಗಬೇಡ, ಅವನಿಗೂ ಚಳಿ ಇರುತ್ತದೆ. ಶುರುವಾಯ್ತು ಅಮ್ಮನ ಪ್ರಸಂಗ ಅನ್ನುತ್ತೀಯ. ಅನ್ನು, ಅಷ್ಟಾದರೂ ಅಂದರೆ ಸಾಕು. ನಿನ್ನಿಂದ ಉತ್ತರ ಬರುವುದಿಲ್ಲ, ಆದರೆ ನನ್ನ ಪತ್ರಗಳು ವಾಪಸ್ಸೂ ಬಂದಿಲ್ಲ. ಓದುತ್ತೀಯ ಎಂದುಕೊಂಡೇ ಬರೆಯುತ್ತೇನೆ.

ನಾನು ಈಗಲೂ ಆಸ್ಪತ್ರೆಯ ಲಾಂಡ್ರಿಯಲ್ಲೇ ಇದ್ದೇನೆ. ಇಸ್ತ್ರಿ ಮೆಷಿನ್ನಿನ ಬಿಸಿಗೆ ಬೆರಳುಗಳು ಒರಟಾಗಿ, ವೇದಪುಸ್ತಕದ ತೆಳು ಹಾಳೆ ತಿರುಗಿಸುವುದೇ ಕಷ್ಟವಾಗಿದೆ. ಓದಿದ ಪುಟವನ್ನೇ ಮತ್ತೆ ಓದಿ ಮಲಗುತ್ತೇನೆ. ನಿನ್ನ ತಂಗಿ ಈಗ ಪ್ರಾರ್ಥನೆಗೆ ಕೂರುತ್ತಾಳೆ, ಆದರೆ ಬಾಯಿ ಬಿಡುವುದಿಲ್ಲ. ಊಟಕ್ಕೆ ಮೊದಲು ಮೊಣಕಾಲೂರಿ, ಆ ದಿನದ ತಪ್ಪನ್ನು ಒಬ್ಬೊಬ್ಬರೇ ಎಲ್ಲರ ಮುಂದೆ ಹೇಳಿಕೊಳ್ಳುವ ಪದ್ಧತಿ ನಿಮ್ಮಪ್ಪ ಮದುವೆಯಾದ ಹೊಸತರಲ್ಲೇ ತಂದದ್ದು. ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಬೇಕೆಂದು ವಾಕ್ಯದಲ್ಲಿದೆಯಲ್ಲ, ಅದಕ್ಕೆ. ಇವಳು ಚಿಕ್ಕವಳಿದ್ದಾಗ ಒಂದು ದಿನ ಯಾವ ತಪ್ಪೂ ನೆನಪಾಗದೆ, ನಾಳೆ ಸಕ್ಕರೆ ಕದೀತೀನಿ ಅಂತ ಮುಂಚೆಯೇ ಒಪ್ಪಿಕೊಂಡಿದ್ದಳು. ನೀನು ನಕ್ಕು ನಕ್ಕು ಏಟು ತಿಂದೆ. ಈಗ ಕೇಳಿದರೆ ದಿನಾಲೂ ಏನೂ ಇಲ್ಲ ಅನ್ನುತ್ತಾಳೆ. ತಪ್ಪೇ ಮಾಡದವರ ಮನೆಯಾಗಿದೆ ನಮ್ಮದು.

ಅವಳನ್ನೂ ಬೈಯಲಾರೆ. ನೀನು ಅಲ್ಲೇ ಮೊಣಕಾಲೂರಿ ತಾನೇ ಹೇಳಿದ್ದು? ಆ ದಿನ ಬೇಕರಿಯ ವ್ಯಾನ್ ಓಡಿಸಿದ್ದು ಡ್ರೈವರ್ ಅಲ್ಲ, ಅಲ್ಲೇ ಕೆಲಸಕ್ಕಿದ್ದ ನಾನು, ಸೈಕಲ್ಲಿನವನು ಬಿದ್ದದ್ದು ಕಂಡೂ ನಿಲ್ಲಿಸಲಿಲ್ಲ ಅಂತ. ಅಷ್ಟರಲ್ಲಿ ಸೈಕಲ್ಲಿನವನು ಸತ್ತಿದ್ದ, ಡ್ರೈವರನ್ನು ಹಿಡಿದುಕೊಂಡು ಹೋಗಿದ್ದರು. ನಿಮ್ಮಪ್ಪ ನಿನ್ನ ತಲೆಯ ಮೇಲೆ ಕೈಯಿಟ್ಟು ನಿನ್ನ ಜೊತೆಗೇ ಅತ್ತರು. ನೀನಾಗಿ ಹೋಗಿ ಒಪ್ಪಿಕೊಳ್ಳುತ್ತೀಯೆಂದು ಕಾದರು. ನೀನು ಹೋಗಲಿಲ್ಲ. ಕೊನೆಗೆ ಅವರೇ ನ್ಯಾಯಾಧೀಶರ ಮುಂದೆ ನಿಂತು, ನೀನು ಪ್ರಾರ್ಥನೆಯಲ್ಲಿ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದರು. “ಅಪ್ಪಾ, ಅದು ನಾನು ದೇವರಿಗೆ ಹೇಳಿದ್ದು” ಅಂದೆಯಲ್ಲ ನೀನು, ಆ ದನಿ ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಅವರು ನಿನ್ನ ಮುಖ ನೋಡದೆ, “ಆ ಡ್ರೈವರ್ ಮಕ್ಕಳೂ ಸಂಜೆ ಊಟಕ್ಕೆ ಕೂರ್ತಾವೆ ಕಣೋ” ಅಂದರು. ನಿಮ್ಮಿಬ್ಬರ ನಡುವೆ ಅದೇ ಕೊನೆಯ ಮಾತಾಯಿತು.

ಅವರು ಮಾಡಿದ್ದು ಸರಿಯೆಂದು ಇವತ್ತಿಗೂ ನಂಬಿದ್ದೇನೆ. ಆದರೆ ಸರಿಯಾದದ್ದು ಮಾಡಿದ ಮೇಲೆ ಮನೆಗೆ ಒಂದಿಷ್ಟು ಸಮಾಧಾನ ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಸತ್ತವನು ಎದ್ದು ಬರಲಿಲ್ಲ. ಬಿಡುಗಡೆಯಾದ ಡ್ರೈವರನ್ನು ಬೇಕರಿಯವರು ಮತ್ತೆ ಸೇರಿಸಿಕೊಳ್ಳಲಿಲ್ಲ. ದಾರಿಯಲ್ಲಿ ಸಿಕ್ಕರೆ ಅವನು ಮುಖ ತಿರುಗಿಸಿಕೊಂಡು ಹೋಗುತ್ತಾನೆ. ಪಾದ್ರಿಗಳನ್ನು ಕೇಳಿದೆ, ಕಾಯಬೇಕಮ್ಮಾ ಅಂದರು. ಕಾಯುತ್ತಿದ್ದೇನೆ. ಯಾವುದಕ್ಕೆ ಎಂಬುದೇ ಈಗೀಗ ಮರೆತುಹೋಗುತ್ತದೆ.

ಶನಿವಾರ ಶನಿವಾರ ನಾನೂ ನಿಮ್ಮಪ್ಪನೂ ಬಂದು ಗೇಟಿನಲ್ಲಿ ಹೆಸರು ಹೇಳುತ್ತಿದ್ದೆವು, ನೀನು ಬರುವುದಿಲ್ಲವೆಂದು ಒಳಗಿನಿಂದ ಹೇಳಿಕಳಿಸುತ್ತಿದ್ದೆ. ಅವರ ಜೊತೆ ಬಂದೆನೆಂದು ನನ್ನನ್ನೂ ನೋಡಲಿಲ್ಲ. ಭೇಟಿಯ ಹೊತ್ತು ಮುಗಿಯುವವರೆಗೆ ಅವರು ಹೊರಗಿನ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ಒಂದು ಸಲ ಕಾವಲಿನವನು, “ಏನ್ ಯಜಮಾನ್ರೇ, ಊರೋರ ಬೀಗವೆಲ್ಲ ರಿಪೇರಿ ಮಾಡ್ತೀರಿ, ಇದೊಂದು ಬಾಗಿಲು ಆಗ್ತಿಲ್ವಾ?” ಅಂದ. ನಿಮ್ಮಪ್ಪ ಅವನಿಗಿಂತ ಜೋರಾಗಿ ನಕ್ಕರು. ವಾಪಸ್ಸು ಬರುವಾಗ ನಾನು ರೇಗಿದರೆ, “ಸೆರೆಯಲ್ಲಿದ್ದವರ ಹತ್ತಿರ ಹೋಗು ಅಂತ ಕರ್ತನು ಹೇಳಿದ್ದಾನೆ. ಅವರು ಬಂದು ಮಾತಾಡಿಸ್ಲಿ ಅಂತ ಎಲ್ಲಿ ಹೇಳಿದ್ದಾನೆ?” ಅನ್ನುತ್ತಿದ್ದರು.

ಹೊತ್ತಿಗೆ ಸರಿಯಾಗಿ ಉಣ್ಣು. ತಂಗಿ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಲಿಲ್ಲ, ಆದರೆ ನಾನು ಬರೆಯುವಾಗ ಎರಡು ಸಲ ಬಂದು ಇಣುಕಿದಳು. ಕರ್ತನು ನಿನ್ನನ್ನು ಕೈಬಿಡದಿರಲಿ.

ನಿನ್ನ ಅಮ್ಮ

ತಾ.ಕ.: ಇಷ್ಟುದ್ದ ಬರೆದೂ ಬರೆಯಬೇಕಾದದ್ದನ್ನು ಬರೆಯಲಿಲ್ಲ. ಹೋದ ತಿಂಗಳು ನಿಮ್ಮಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ ಏಳುವುದಿಲ್ಲ, ಮಾತು ಪೂರ್ತಿ ನಿಂತಿದೆ. ಇನ್ನು ಬರುವುದಿಲ್ಲವೆಂದು ಡಾಕ್ಟರು ಅವರ ಎದುರಿಗೇ ಹೇಳಿದರು. ಪ್ರಾರ್ಥನೆಯಲ್ಲಿ ಅವರ ಸರದಿ ಬಂದಾಗ ತುಟಿ ಅಲ್ಲಾಡುತ್ತದೆ, ಏನೆಂದು ನಮಗೆ ತಿಳಿಯುವುದಿಲ್ಲ. ಬರುವ ಶನಿವಾರ ಆಟೋ ಮಾಡಿಕೊಂಡು ಕರೆತರುತ್ತೇನೆ. ನೀನು ಬರುವುದಿಲ್ಲವೆಂದು ಗೊತ್ತಿದೆ, ಆದರೂ ಹೇಳುತ್ತಿದ್ದೇನೆ, ಒಂದು ಸಲ ಜಾಲರಿಯ ಹತ್ತಿರ ಬಾ. ಬೈಯಬೇಕೆನಿಸಿದರೆ ಬೈದುಬಿಡು. ಇನ್ನು ಮೇಲೆ ನೀನು ಅವರಿಗೆ ಏನು ಹೇಳಿದರೂ ಹೊರಗೆ ಹೋಗುವುದಿಲ್ಲ.