ಚೆಂಡಿಗೆ ತೆರೆದ ಕೈಗಳು

ಗುರುವಾರ, ಮಧ್ಯಾಹ್ನ ಮೂರು ಗಂಟೆ

ನನ್ನ ತಮ್ಮನಿಗೆ, ಅಕ್ಕನ ಪ್ರೀತಿ.

“ಚೆಂಡಿಗೆ ತೆರೆದ ಕೈಗಳು...” ಮುಂದೇನು? ಬೆಳಗಿನಿಂದ ಈ ಅರ್ಧ ಸಾಲು ತಲೆಯಲ್ಲಿ ಸುತ್ತುತ್ತಿದೆ. “ಹಣಕ್ಕೆ ತೆರೆಯುವುದಿಲ್ಲ” ಎಂದಿತ್ತೋ, “ಚೀಲಕ್ಕೆ ತೆರೆಯುವುದಿಲ್ಲ” ಎಂದಿತ್ತೋ? ಚೀಲವೇ ಇರಬೇಕು. ಪ್ರಾಸ ಸಿಕ್ಕರೆ ಅರ್ಥ ತಾನಾಗಿ ಹಿಂದೆ ಬರುತ್ತದೆ ಎಂದು ಆ ವಯಸ್ಸಿನಲ್ಲಿ ನಂಬಿದ್ದೆ. ಈಗ ನಿಧಾನವಾಗಿ ನೋಡಿದರೆ ಆ ಸಾಲಿನಲ್ಲಿ ಅರ್ಥವೇ ಇಲ್ಲ. ಗೋಲ್‌ಕೀಪರನ ಕೈ ತೆರೆಯುವುದೇ ಮುಚ್ಚಿಕೊಳ್ಳುವುದಕ್ಕೆ. ಸಿಕ್ಕಿದ್ದನ್ನು ಎದೆಗೆ ಒತ್ತಿಕೊಂಡು ನೆಲಕ್ಕೆ ಬೀಳುವುದೇ ಅವನ ಕೆಲಸ. ನೀನು ಹಾಗೆ ಹಿಡಿಯುತ್ತಿದ್ದೆ ಎಂದೇ ಅಲ್ಲವೇ ಗ್ಯಾಲರಿಯ ಜನ “ಜಿಗಣೆ, ಜಿಗಣೆ” ಎಂದು ಕೂಗುತ್ತಿದ್ದದ್ದು? ಮೊದಲ ಸಲ ಕೇಳಿದಾಗ ಅಮ್ಮ, “ನನ್ನ ಮಗನಿಗೆ ಅದೆಂಥಾ ಹೆಸರಿಟ್ಟಿದ್ದಾರೆ, ಇವರ ಬಾಯಿಗೆ ಮಣ್ಣು ಬೀಳ” ಎಂದು ಎದ್ದು ನಿಂತಿದ್ದಳು. ಮೂರನೆಯ ಪಂದ್ಯದ ಹೊತ್ತಿಗೆ ಎಲ್ಲರಿಗಿಂತ ಜೋರಾಗಿ ಅವಳೇ ಕೂಗುತ್ತಿದ್ದಳು.

ನಿನ್ನ ಕಾಗದ ಸೋಮವಾರ ತಲುಪಿತು, ಒಪ್ಪಂದದ ಪ್ರತಿಯೂ ಜೊತೆಗಿತ್ತು. ತಡವಾಗಿ ಉತ್ತರಿಸುತ್ತಿದ್ದೇನೆ. ಪ್ರೆಸ್ಸಿನಲ್ಲಿ ಈ ವಾರ ಔಷಧಿ ಡಬ್ಬಿಯೊಳಗಿನ ಚೀಟಿಗಳ ಕರಡು ತಿದ್ದುವ ಕೆಲಸ. ಅಕ್ಷರ ಸಾಸಿವೆಗಿಂತ ಸಣ್ಣವು. ಸಂಜೆಯ ಹೊತ್ತಿಗೆ ಕಣ್ಣು ಉರಿದು, ಕವಿತೆಯ ಪುಸ್ತಕ ತೆರೆದರೂ “ದಿನಕ್ಕೆ ಮೂರು ಸಲ, ಊಟದ ನಂತರ” ಎಂದೇ ಕಾಣುತ್ತದೆ. ಇವತ್ತು ರಜೆ ಹಾಕಿದೆ.

ನೀನು ಕೇಳಿದ್ದು ಸಣ್ಣ ಕೆಲಸ. ಊರಂಚಿನ ಆ ಚಿಕ್ಕ ಕ್ಲಬ್ಬು ಹದಿನಾಲ್ಕರ ಒಳಗಿನ ಮಕ್ಕಳಿಗೆ ಗೋಲ್‌ಕೀಪಿಂಗ್ ಕಲಿಸಲು ನಿನ್ನನ್ನು ಮೂರು ವರ್ಷಕ್ಕೆ ಕರೆದಿದೆ. ಮುಂದಿನ ಸೋಮವಾರದೊಳಗೆ ಸಹಿ ಹಾಕಬೇಕು. ತಿಂಗಳ ಸಂಬಳ ನೀನು ಒಂದು ಕಾಲದಲ್ಲಿ ಒಂದು ಜೊತೆ ಗ್ಲೌಸಿಗೆ ಕೊಡುತ್ತಿದ್ದಷ್ಟು. ನೀನು ಬರೆದಿದ್ದೀಯ: “ಇದು ಭಿಕ್ಷೆ ಅಕ್ಕ. ಅವತ್ತು ಬರೆದ ಹಾಗೆ ಒಂದು ಕಾಗದ ಬರೆದುಕೊಡು. ಇನ್ನೊಂದು ಸಲ ನನ್ನ ಮುಂದೆ ಬಾಯಿ ತೆಗೀಬಾರದು ಅವರು.”

ಅವತ್ತು ಬರೆದ ಹಾಗೆ! ಅದನ್ನೇ ಬೆಳಗಿನಿಂದ ನೆನಪಿಸಿಕೊಳ್ಳುತ್ತ ಕೂತಿದ್ದೇನೆ.

ಮಂಗಳವಾರ ನಿನ್ನ ಹೆಂಡತಿ ತಾನು ಕೆಲಸ ಮಾಡುವ ಔಷಧಿ ಅಂಗಡಿಯ ಕೌಂಟರಿನಿಂದ ಫೋನ್ ಮಾಡಿದ್ದಳು. ನಿನಗೆ ಹೇಳಬೇಡಿ ಎಂದಳು, ಹೇಳುತ್ತಿದ್ದೇನೆ. ನನ್ನ ಮೇಲೆ ಅವಳು ಸಿಟ್ಟಾದರೂ ಪರವಾಗಿಲ್ಲ. “ಅಕ್ಕ, ಆ ಕಾಗದ ಬರೀಬೇಡಿ. ನೀವು ಬರೆದ್ರೆ ಚೆನ್ನಾಗಿ ಬರೀತೀರ, ಅದೇ ನನಗೆ ಭಯ.” ಹದಿನೈದು ವರ್ಷದಲ್ಲಿ ನನ್ನ ಬರವಣಿಗೆಯ ಬಗ್ಗೆ ಇಷ್ಟು ಸರಿಯಾದ ವಿಮರ್ಶೆ ಯಾರೂ ಮಾಡಿರಲಿಲ್ಲ. ಆಮೇಲೆ ಇನ್ನೊಂದು ಮಾತು ಹೇಳಿದಳು. ಒಪ್ಪಂದದ ಲಕೋಟೆ ಬಂದ ಬೆಳಿಗ್ಗೆ ನೀನು ಬಚ್ಚಲಲ್ಲಿ ಹಾಡಿದೆಯಂತೆ, ಎಷ್ಟೋ ವರ್ಷದ ಮೇಲೆ. ಹೊರಗೆ ಬಂದು ಅಂಕಿ ನೋಡಿದ ಮೇಲೆ ನಿಲ್ಲಿಸಿಬಿಟ್ಟೆಯಂತೆ. “ಅಂಕಿ ನೋಡೋಕ್ಕಿಂತ ಮುಂಚೆ ಖುಷಿಯಾಗಿದ್ರು ಅಕ್ಕ, ನನ್ನ ಕಣ್ಣಾರೆ ನೋಡಿದೀನಿ” ಎಂದಳು. ನೀನು ಹಾಡುತ್ತಿದ್ದದ್ದು ನನಗೆ ಮರೆತೇಹೋಗಿತ್ತು. ನಮ್ಮ ಬಚ್ಚಲ ಕಿಟಕಿ ಮೆಟ್ಟಿಲಿನ ಕಡೆಗೆ ತೆರೆಯುವುದರಿಂದ ಎದುರು ಮನೆಯ ಟೈಲರಮ್ಮ ನಿನ್ನ ಶ್ರುತಿ ತಾಳಲಾರದೆ ಹೊಲಿಗೆ ಯಂತ್ರವನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದರಲ್ಲ.

ಈಗ ಆ ಇನ್ನೊಂದು ಕಾಗದದ ಮಾತು.

ನಿನಗೆ ಇಪ್ಪತ್ತನಾಲ್ಕು, ನನಗೆ ಮೂವತ್ತಮೂರು. ನಿನ್ನ ಕ್ಲಬ್ಬು ಐದು ವರ್ಷಕ್ಕೆ ಕೊಡುತ್ತೇನೆಂದ ಮೊತ್ತವನ್ನು ಅಮ್ಮ ಬೆರಳು ಮಡಚಿ ಮಡಚಿ ಲೆಕ್ಕ ಹಾಕಿ, ಸೊನ್ನೆ ಒಂದು ಹೆಚ್ಚಾಗಿ ಬಿದ್ದಿರಬೇಕು, ವಾಪಸ್ ಕಳಿಸಿ ಕೇಳಿ ಎಂದಿದ್ದಳು. ನಿನ್ನ ಏಜೆಂಟ್ ನಮ್ಮ ಊಟದ ಮೇಜಿನ ಮುಂದೆ ಕಾಲು ಅಲ್ಲಾಡಿಸುತ್ತ ಕೂತು ನಕ್ಕ. “ಮೊದಲನೇ ಸಲ ಕೊಟ್ಟದ್ದನ್ನ ಈ ಲೈನಲ್ಲಿ ಯಾರೂ ತಗೊಳಲ್ಲಮ್ಮ. ನಾವು ಬೇಡ ಅಂತೀವಿ, ಅವರು ಹತ್ತು ದಿನ ಬಿಟ್ಟು ಬರ್ತಾರೆ, ಇಷ್ಟು ಹೆಚ್ಚು ಮಾಡ್ತಾರೆ, ಆಮೇಲೆ ಎಲ್ಲರೂ ಸೇರಿ ಕಾಫಿ ಕುಡೀತೀವಿ.” ಆಮೇಲೆ ನನ್ನ ಕಡೆ ತಿರುಗಿ, “ಅಕ್ಕಾವ್ರು ಓದಿದೋರು, ಎರಡೇ ಸಾಲು ಬರೆದುಕೊಡಲಿ. ಈಗಿನ ರೂಪದಲ್ಲಿ ಒಪ್ಪೋದು ಕಷ್ಟ, ಕೂತು ಮಾತಾಡೋಣ. ಅಷ್ಟೇ. ಬಾಗಿಲು ಮುಂದಕ್ಕೆ ಎಳೆದ್ರೆ ಸಾಕು, ಚಿಲಕ ಹಾಕೋದು ಬೇಡ.”

ನಾನು ಒಂದೂವರೆ ಪುಟ ಬರೆದೆ.

ಎಂ.ಎ. ಮುಗಿಸಿ ಎಂಟು ವರ್ಷ ಬೇರೆಯವರ ಅಲ್ಪಪ್ರಾಣ ಮಹಾಪ್ರಾಣ ತಿದ್ದಿದವಳಿಗೆ ಮೊದಲ ಸಲ ಬರೆಯುವ ಅವಕಾಶ ಸಿಕ್ಕಿತ್ತು. ಸುಮ್ಮನಿರಲು ಆಗಲಿಲ್ಲ. ನಿಷ್ಠೆ ಎಂದೆ, ಸ್ವಾಭಿಮಾನ ಎಂದೆ, ಕೊನೆಗೆ ಚೆಂಡು, ಕೈ, ಚೀಲ. ನೀನು ಓದಿ, “ಅಕ್ಕ, ಇದು ನಾನೇನಾ?” ಎಂದು ಕೇಳಿ ಸಹಿ ಹಾಕಿದೆ. ಏಜೆಂಟ್ ಆ ದಿನ ಯಾವುದೋ ಮದುವೆಗೆ ಹೋಗಿದ್ದ, ಅವನಿಗೆ ತೋರಿಸದೆಯೇ ಕಳಿಸಿದೆವು.

ಮುಂದಿನದು ನಿನಗೂ ಗೊತ್ತು. ಕ್ಲಬ್ಬಿನ ಕಾರ್ಯದರ್ಶಿ ಆ ಕಾಗದವನ್ನು ಪತ್ರಿಕೆಯವರಿಗೆ ತೋರಿಸಿದ. ನಿನ್ನ ಫೋಟೋದ ಕೆಳಗೆ ದಪ್ಪಕ್ಷರದಲ್ಲಿ ಆ ಸಾಲು ಅಚ್ಚಾಯಿತು. ಜನ ನಿನ್ನ ಬೆನ್ನು ತಟ್ಟಿದರು. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಹಿರಿಯರು ಕನ್ನಡಕ ಮೇಲೆತ್ತಿ, “ನಿನ್ನ ತಮ್ಮ ಕೈಯಲ್ಲಷ್ಟೇ ಅಲ್ಲಮ್ಮ, ಬಾಯಲ್ಲೂ ಗಟ್ಟಿಗ” ಎಂದರು. ನಾನು ನಕ್ಕೆ. ನನ್ನದು ಎಂದು ಹೇಳಲಿಲ್ಲ. ಆದರೆ ಆ ತುಂಡನ್ನು ಕತ್ತರಿಸಿ ನಿಘಂಟಿನೊಳಗೆ ಇಟ್ಟೆ. ನಾನು ಬರೆದದ್ದು ಅಚ್ಚಾದದ್ದು ಅದೊಂದೇ, ಅದೂ ನಿನ್ನ ಹೆಸರಿನಲ್ಲಿ.

<s>ಆಮೇಲೆ ಅವರ ಕಡೆಯಿಂದ ಯಾರೂ ಬರಲಿಲ್ಲ.</s> ತಿಂಗಳೊಳಗೆ ಉದ್ದ ಕೈಕಾಲಿನ ಇನ್ನೊಬ್ಬ ಗೋಲ್‌ಕೀಪರನನ್ನು ಕೊಂಡರು. ನೀನು ಬೇರೆ ಕ್ಲಬ್ಬಿಗೆ ಒಂದು ವರ್ಷದ ಮಟ್ಟಿಗೆ ಹೋದೆ, ಮುಂದಿನ ವರ್ಷ ಇದರ ಎರಡರಷ್ಟು ಸಿಗುತ್ತದೆ ಎಂಬ ಏಜೆಂಟನ ಮಾತು ನಂಬಿಕೊಂಡು. ಏಳನೆಯ ಪಂದ್ಯದಲ್ಲಿ ಭುಜ ಗೋಲಿನ ಕಂಬಕ್ಕೆ ಬಡಿಯಿತು. ಆಮೇಲೆ ಆರು ತಿಂಗಳ ಒಪ್ಪಂದಗಳು, ಆಮೇಲೆ ಪಂದ್ಯಕ್ಕಿಷ್ಟು ಎಂಬ ಲೆಕ್ಕ, ಆಮೇಲೆ ಏಜೆಂಟನ ಫೋನು ಯಾವಾಗಲೂ ಬೇರೆಯವರ ಜೊತೆ ಮಾತಾಡುತ್ತಿರುವುದು. ಈಗ ನೀನು ಕ್ರೀಡಾ ಸಾಮಾನಿನ ಅಂಗಡಿಗೆ ವ್ಯಾನು ಓಡಿಸುತ್ತೀಯ. ಬೂಟು ಇಳಿಸಲು ಹೋದಲ್ಲೆಲ್ಲ ಯಾರಾದರೊಬ್ಬರು, “ಅಷ್ಟೊಂದು ದುಡ್ಡು ಬೇಡ ಅಂದೋನು ಇವನೇ ಕಣೋ” ಎಂದು ಪಕ್ಕದವನಿಗೆ ತೋರಿಸುತ್ತಾರಂತೆ. ನೀನು ಅದನ್ನು ತಮಾಷೆಯಾಗಿ ಹೇಳುತ್ತೀಯ. ನಾನೂ ನಗುತ್ತೇನೆ.

ಒಂದು ದಿನವೂ ನೀನು ನನ್ನನ್ನು ದೂರಲಿಲ್ಲ. “ಸಹಿ ನಂದು ತಾನೇ” ಎಂದುಬಿಟ್ಟೆ. ಅಮ್ಮ ಕೊನೆಯವರೆಗೂ ಏಜೆಂಟನಿಗೆ ಶಾಪ ಹಾಕುತ್ತಲೇ ಹೋದಳು. ಅವನು ಹೇಳಿದ್ದು ಎರಡೇ ಸಾಲು ಎಂದು ನಾನು ಅವಳಿಗೂ ಹೇಳಲಿಲ್ಲ.

ಆದ್ದರಿಂದ ಕೇಳು. ಈ ಸಲ ನಾನು ಬರೆಯುವುದಿಲ್ಲ. ಒಂದೂವರೆ ಪುಟವೂ ಇಲ್ಲ, ಎರಡು ಸಾಲೂ ಇಲ್ಲ. ನನಗೆ ದಣಿವಾಗಿದೆ. ಚೆನ್ನಾಗಿ ಕೇಳಿಸುವ ವಾಕ್ಯಗಳು ಯಾರ ಮನೆಯ ಬಾಡಿಗೆಯನ್ನೂ ಕಟ್ಟಿದ್ದನ್ನು ನಾನು ಕಂಡಿಲ್ಲ.

ನೀನು ಒಪ್ಪಂದದ ಮೊದಲ ಪುಟದ ಅಂಕಿ ನೋಡಿ ಮಡಚಿಟ್ಟಿರಬೇಕು. ನಾನು ಕಸುಬಿನ ಚಾಳಿಯಂತೆ ಪೂರ್ತಿ ಓದಿದೆ. ಮೂರನೆಯ ಪುಟದ ಅಂಚನ್ನು ನೋಡು. ಟೈಪು ಮಾಡಿದ್ದರ ಪಕ್ಕ ಯಾರೋ ಪೆನ್ನಿನಲ್ಲಿ ಸೇರಿಸಿದ್ದಾರೆ: “ತರಬೇತುದಾರರು ಜಿಗಿದು ಬಿದ್ದು ತೋರಿಸಬೇಕಾಗಿಲ್ಲ. ಅವರ ಎಡ ಭುಜದ ಬಗ್ಗೆ ನಮಗೆ ತಿಳಿದಿದೆ. ಬಾಯಲ್ಲಿ ಹೇಳಿಕೊಟ್ಟರೆ ಸಾಕು.” ಕೆಳಗೆ ಸಣ್ಣ ಸಹಿಯೂ ಇದೆ. ಭಿಕ್ಷೆ ಹಾಕುವವರು ಎಡವೋ ಬಲವೋ ನೆನಪಿಟ್ಟುಕೊಳ್ಳುವುದಿಲ್ಲ ಕಣೋ. ಇವರು ನಿನ್ನ ಏಳನೆಯ ಪಂದ್ಯವನ್ನು ನೋಡಿದ್ದಾರೆ. ನೋಡಿಯೂ ಕರೆದಿದ್ದಾರೆ.

ಸಂಬಳ ಕಡಿಮೆ, ನಿಜ. ಹೆಚ್ಚು ಬೇಕಾದರೆ ನೀನೇ ಹೋಗಿ, ಅವರ ಮುಂದೆ ಕೂತು, ನಿನ್ನ ಮಾತಿನಲ್ಲಿ ಕೇಳು. “ಇನ್ನೊಂಚೂರು ಆಗುತ್ತಾ ಸಾರ್?” ಎಂದರೆ ಸಾಕು. ಇಲ್ಲವೆಂದರೂ ಸಹಿ ಹಾಕು. ವ್ಯಾನಿನ ಕೆಲಸ ಬೆಳಿಗ್ಗೆಯ ಪಾಳಿಗೆ ಹಾಕಿಸಿಕೊಳ್ಳಬಹುದು ಎಂದು ನಿನ್ನ ಹೆಂಡತಿ ಆಗಲೇ ನಿನ್ನ ಅಂಗಡಿಯವರನ್ನು ಕೇಳಿಯಾಗಿದೆಯಂತೆ. ಅವಳು ನಿನಗಿಂತ ಒಳ್ಳೆಯ ಗೋಲ್‌ಕೀಪರ್.

ಪ್ರತಿಯನ್ನು ವಾಪಸ್ ಕಳಿಸುತ್ತಿದ್ದೇನೆ. ಕಾಗುಣಿತದ ಮೂರು ತಪ್ಪುಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಿದ್ದೇನೆ. ಅವರಿಗೆ ಹೇಳಬೇಡ, ಬೇಜಾರು ಮಾಡಿಕೊಂಡಾರು. ಸಹಿಯ ಜಾಗ ಖಾಲಿ ಇದೆ.

ಭುಜಕ್ಕೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ.

ನಿನ್ನ,
ಅಕ್ಕ

ಮರೆತ ಮಾತು: ಲಕೋಟೆ ಅಂಟಿಸಿ, ಡಬ್ಬಿಗೆ ಹಾಕಿ ಬರೋಣವೆಂದು ಚಪ್ಪಲಿ ಮೆಟ್ಟಿದ್ದೆ. ಟೈಲರಮ್ಮ ನನ್ನ ಕೈಚೀಲಕ್ಕೆ ಹೊಸ ಜಿಪ್ ಹಾಕಿ ತಂದು ಬಾಗಿಲಲ್ಲಿ ನಿಂತಿದ್ದರು. ಲಕೋಟೆಯ ಮೇಲೆ ನಿನ್ನ ಹೆಸರು ನೋಡಿ ವಿಚಾರಿಸಿದರು. ಹೊಸ ಕೆಲಸದ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಜಿಪ್ಪನ್ನು ಹಿಂದಕ್ಕೂ ಮುಂದಕ್ಕೂ ಎಳೆದು ನೋಡುತ್ತಿದ್ದರು. ಆಮೇಲೆ, ಇಷ್ಟು ವರ್ಷ ಬಾಯಿಬಿಡದಿದ್ದ ಒಂದು ಮಾತು ಆಡಿದರು. ಅವರು ಹೋದ ಮೇಲೆ ಚಪ್ಪಲಿ ಕಳಚಿ ಒಳಗೆ ಬಂದೆ. ಲಕೋಟೆ ಹರಿದು ಇದನ್ನು ಬರೆಯುತ್ತಿದ್ದೇನೆ.

ಮೇಲೆ ಒಂದು ಸಾಲನ್ನು ಗೆರೆ ಎಳೆದು ಹೊಡೆದುಹಾಕಿದ್ದೇನೆ, ನೋಡು. ಯಾರೂ ಬರಲಿಲ್ಲ ಎಂಬುದು ಸುಳ್ಳು. ಏಜೆಂಟ್ ಹೇಳಿದಂತೆಯೇ ಹತ್ತನೆಯ ದಿನಕ್ಕೆ ಕಾರ್ಯದರ್ಶಿಯೇ ಮೂರು ಮಹಡಿ ಹತ್ತಿ ಬಂದಿದ್ದ, ಕೈಯಲ್ಲಿ ಹೊಸ ಒಪ್ಪಂದ ಹಿಡಿದು. ನೀನು ಅದಕ್ಕೆ ಸಹಿ ಹಾಕಿದರೆ, ನಾಲ್ಕು ದಿನದ ಹಿಂದೆ ಪತ್ರಿಕೆಯಲ್ಲಿ ಬಂದ ನನ್ನ ಸಾಲು ಜನರ ಬಾಯಲ್ಲಿ ನಗೆಪಾಟಲಾಗುತ್ತಿತ್ತು. ಅದಕ್ಕಾಗಿ ಅವನನ್ನು ಹೊಸ್ತಿಲಿಂದಲೇ ಕಳಿಸಿದೆ. ಬೇರೆ ಕಾರಣವಿಲ್ಲ, ಹುಡುಕಿ ನೋಡಿದೆ. ಬೇಕೇ ಬೇಕಾದರೆ ಅವನು ಇನ್ನೊಮ್ಮೆ ಬಂದಾನು ಎಂದುಕೊಂಡಿದ್ದೆ. ಏಕೆ ಬರಲಿಲ್ಲ ಎಂಬುದು ಇವತ್ತಿನವರೆಗೆ ನನಗೂ ಗೊತ್ತಿರಲಿಲ್ಲ. ಟೈಲರಮ್ಮ ಹೇಳಿದ್ದನ್ನು ಒಂದಕ್ಷರವೂ ತಿದ್ದದೆ ಬರೆಯುತ್ತೇನೆ:

“ಅವತ್ತು ಕೋಟು ಹಾಕ್ಕೊಂಡು ಒಬ್ಬರು ಬಂದಿದ್ರಲ್ಲ, ‘ತಮ್ಮ ಊರಲ್ಲಿಲ್ಲ, ಬರೋದು ತಿಂಗಳಾಗುತ್ತೆ’ ಅಂದ್ರಿ ನೀವು. ಪಾಪ, ಅರ್ಧ ಮೆಟ್ಟಿಲು ಇಳಿದೋರು ಹಾಗೇ ನಿಂತುಬಿಟ್ರು. ನಿಮ್ಮ ತಮ್ಮ ಬಚ್ಚಲಲ್ಲಿ ಹಾಡ್ತಾ ಇದ್ದ ನೋಡಿ.”